ಎರಡು ಫ್ರೇಮ್ ಕಡಿಮೆ: ಎಡಿಟರ್ ಆನ್ ಕೋಟ್ಸ್ ಕೈಚಳಕ

ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಮುಖದ ಹತ್ತಿರ ಹಿಡಿದು ನೋಡುತ್ತಾನೆ. ಉಫ್ ಎಂದು ಊದುತ್ತಾನೆ. ಮರುಕ್ಷಣ ಪರದೆ ತುಂಬ ಮರುಭೂಮಿ, ಕಿತ್ತಳೆ ಬಣ್ಣದ ಆಕಾಶ, ಇನ್ನೂ ಮೂಡದ ಸೂರ್ಯ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದ ಈ ಕಟ್, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ನೇರ ನೆಗೆತ, ಸಿನಿಮಾ ಕಲಿಯುವವರಿಗೆಲ್ಲ ಪಾಠವಾಗಿದೆ. ಆದರೆ ಚಿತ್ರಕಥೆಯಲ್ಲಿ ಅದು ಇರಲೇ ಇಲ್ಲ. ಅಲ್ಲಿದ್ದದ್ದು ಡಿಸಾಲ್ವ್, ಅಂದರೆ ಒಂದು ಚಿತ್ರ ಮಸುಕಾಗುತ್ತ ಇನ್ನೊಂದು ಅದರೊಳಗಿಂದ ಮೂಡಿಬರುವುದು.

ಫಿಲ್ಮ್ ಕಾಲದಲ್ಲಿ ಡಿಸಾಲ್ವ್ ಎಡಿಟರ್ ಮೇಜಿನ ಮೇಲೆ ಆಗುತ್ತಿರಲಿಲ್ಲ. ಎಡಿಟಿಂಗಿಗೆಂದು ತೆಗೆದ ಕೆಲಸದ ಪ್ರಿಂಟಿನ ಮೇಲೆ ಮೇಣದ ಪೆನ್ಸಿಲಿನಿಂದ ಉದ್ದಕ್ಕೆ ಓರೆಗೆರೆ ಎಳೆದು, ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಎಂದು ಗುರುತು ಹಾಕಿ ಲ್ಯಾಬಿಗೆ ಬಿಡಬೇಕಿತ್ತು. ಅದು ತಯಾರಾಗಿ ಬರುವ ತನಕ ಎರಡು ತುಣುಕುಗಳು ರೀಲಿನಲ್ಲಿ ಸುಮ್ಮನೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುತ್ತವೆ. ಎಡಿಟರ್ ಆನ್ ವಿ. ಕೋಟ್ಸ್ ಮತ್ತು ನಿರ್ದೇಶಕ ಡೇವಿಡ್ ಲೀನ್ ಆ ರೀಲನ್ನು ಓಡಿಸಿ ನೋಡಿದಾಗ ಕಂಡದ್ದು ಹೀಗೆ ಬರಿದಾಗಿದ್ದ ಜೋಡಣೆ. ಫ್ರಾನ್ಸಿನ ಹೊಸ ಅಲೆಯ ಚಿತ್ರಗಳ ನೇರ ಕಟ್‌ಗಳನ್ನು ಮೆಚ್ಚಿಕೊಂಡಿದ್ದ ಕೋಟ್ಸ್, ಅವನ್ನು ನೋಡುವಂತೆ ಲೀನ್‌ಗೂ ಹೇಳಿದ್ದರು. ಡಿಸಾಲ್ವ್ ಬೇಡವೆಂದು ಇಬ್ಬರಿಗೂ ಅನ್ನಿಸಿತು. ಆದರೂ ಏನೋ ಕೊರತೆಯಿದೆ, ಇನ್ನೊಮ್ಮೆ ನೋಡಿ ಎಂದರು ಲೀನ್. ಕೋಟ್ಸ್ ಎರಡು ಫ್ರೇಮ್, ಅಂದರೆ ಫಿಲ್ಮ್ ಪಟ್ಟಿಯ ಎರಡು ಬಿಡಿ ಚಿತ್ರ, ತೆಗೆದರು. ಅಲ್ಲಿಗೆ ಮುಗಿಯಿತು.

ಸೆಕೆಂಡಿಗೆ 24 ಫ್ರೇಮ್ ಓಡುವಾಗ ಎರಡು ಫ್ರೇಮ್ ಎಂದರೆ ಸುಮಾರು 83 ಮಿಲಿಸೆಕೆಂಡು. ಈ ಚಿತ್ರವನ್ನು ತೆಗೆದ 65 ಎಂಎಂ ನೆಗೆಟಿವ್‌ನಲ್ಲಿ ಅಳೆದರೆ ಐದು ಸೆಂಟಿಮೀಟರಿಗೂ ಕಡಿಮೆ. ಇಷ್ಟರಲ್ಲಿ ಏನು ವ್ಯತ್ಯಾಸವಾದೀತು? ಉತ್ತರ ನಮ್ಮ ಕಣ್ಣಿನಲ್ಲಿದೆ. ಹೊಸದೇನಾದರೂ ಕಂಡರೆ ದೃಷ್ಟಿ ಅತ್ತ ನೆಗೆಯಲು ಸುಮಾರು 200 ಮಿಲಿಸೆಕೆಂಡು, ಅಂದರೆ ಐದು ಫ್ರೇಮ್ ಬೇಕು. ಹಾಗಾಗಿ ಕಟ್ ಆದ ಮೇಲಿನ ಮೊದಲ ಐದು ಫ್ರೇಮ್‌ಗಳನ್ನು ಪ್ರೇಕ್ಷಕ ಹಿಂದಿನ ಶಾಟಿನಲ್ಲಿ ಕಣ್ಣು ನೆಟ್ಟಿದ್ದ ಜಾಗದಿಂದಲೇ ನೋಡುತ್ತಾನೆ. ಕಣ್ಣು ನೆಗೆಯುವಾಗಿನ ಕಲಸುಮೇಲೋಗರವನ್ನು ಮಿದುಳು ತಾನೇ ಅಳಿಸಿಹಾಕುತ್ತದೆ. ಇಂಥ ಕಟ್‌ಗಳನ್ನು ನಾವು ದಿನವಿಡೀ ಮಾಡಿಕೊಳ್ಳುತ್ತಲೇ ಇರುತ್ತೇವೆ, ಸಿನಿಮಾದ ಕಟ್ ನಮ್ಮನ್ನು ಬೆಚ್ಚಿಬೀಳಿಸದಿರಲು ಇದೂ ಒಂದು ಕಾರಣ. ಉಸಿರು ಬಿಟ್ಟಾದ ಮೇಲೂ ಶಾಟ್ ಒಂದು ಚೂರು ಉಳಿದರೆ ಅಲ್ಲೊಂದು ಪೂರ್ಣವಿರಾಮ ಬಿದ್ದಹಾಗೆ. ಉಸಿರಿನ ವೇಗದಲ್ಲೇ ದಾಟಿದರೆ ಊದಿದ್ದರಿಂದಲೇ ಮರುಭೂಮಿ ಹೊತ್ತಿಕೊಂಡಂತೆ ಕಾಣುತ್ತದೆ.

ನೇರ ಕಟ್‌ನಿಂದ ಇನ್ನೊಂದು ಲಾಭವಿತ್ತು. ಡಿಸಾಲ್ವ್ ಮಾಡಲು ಸಾಮಾನ್ಯವಾಗಿ ಎರಡೂ ಶಾಟುಗಳ ನಕಲು ತೆಗೆದು ಹೊಸ ನೆಗೆಟಿವ್ ಮಾಡಬೇಕಿತ್ತು. ನಕಲಿನಲ್ಲಿ ಚಿತ್ರದ ಕಣಗಳು (ಗ್ರೇನ್) ದಪ್ಪವಾಗುತ್ತವೆ, ಬಣ್ಣ ಗಡುಸಾಗುತ್ತದೆ. ಹಳೆಯ ಚಿತ್ರಗಳಲ್ಲಿ ಡಿಸಾಲ್ವ್‌ಗೆ ಸ್ವಲ್ಪ ಮುಂಚೆ ಚಿತ್ರ ಥಟ್ಟನೆ ಮಂಕಾಗುವುದು ಇದಕ್ಕೇ.

ಕೋಟ್ಸ್ ಹುಟ್ಟಿದ್ದು 1925ರಲ್ಲಿ, ಇಂಗ್ಲೆಂಡಿನ ಸರ್ರೆಯ ರೈಗೇಟ್‌ನಲ್ಲಿ. ಸುಟ್ಟಗಾಯಗಳ ಚಿಕಿತ್ಸೆಗೆ ಹೆಸರಾದ ಆರ್ಚಿಬಾಲ್ಡ್ ಮೆಕಿಂಡೊ ಅವರ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬಂಧು ಜೆ. ಆರ್ಥರ್ ರ‍್ಯಾಂಕ್ ಬ್ರಿಟಿಷ್ ಚಿತ್ರೋದ್ಯಮದ ದೊಡ್ಡ ಧಣಿ, ಆದರೂ ಕೋಟ್ಸ್‌ಗೆ ಮೊದಲು ಸಿಕ್ಕಿದ್ದು ಧಾರ್ಮಿಕ ಕಿರುಚಿತ್ರಗಳ ಸಂಸ್ಥೆಯಲ್ಲಿ ಕೆಲಸ. ಚರ್ಚುಗಳಿಗೆ ಹೋಗುವ ಪ್ರಿಂಟುಗಳ ಹರುಕು ಮುರುಕನ್ನು ಸರಿಮಾಡಿ ಕಳಿಸುವುದು.

ಆ ರಿಪೇರಿ ಸಣ್ಣ ವಿದ್ಯೆಯಲ್ಲ. ಫಿಲ್ಮ್ ಸಿಮೆಂಟ್ ಹೆಸರಿಗಷ್ಟೇ ಅಂಟು. ನಿಜವಾಗಿ ಅದು ಪ್ಲಾಸ್ಟಿಕ್ ತಳವನ್ನು ಕರಗಿಸಿ ಎರಡು ತುದಿಗಳನ್ನು ಬೆಸುಗೆ ಹಾಕುವ ದ್ರಾವಕ. ಚಿತ್ರ ಮೂಡುವ ಮೇಲಿನ ಜೆಲಾಟಿನ್ ಪದರ ಅದರಲ್ಲಿ ಕರಗುವುದಿಲ್ಲ, ಆದ್ದರಿಂದ ಒಂದು ತುದಿಯಲ್ಲಿ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಚೂರು ಉಳಿದರೂ ಜೋಡಣೆ ಪ್ರೊಜೆಕ್ಟರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಜಾಸ್ತಿ ಕೆರೆದರೆ ತಳ ತೆಳುವಾಗಿ ಅಲ್ಲೇ ತುಂಡಾಗುತ್ತದೆ, ಸಿಮೆಂಟ್ ಹೆಚ್ಚಾದರೆ ಫಿಲ್ಮ್ ಸೊಟ್ಟಗಾಗುತ್ತದೆ. ತುದಿಗಳು ಒಂದರ ಮೇಲೊಂದು ಕೂರಬೇಕಾದ್ದರಿಂದ, ಮನಸ್ಸು ಬದಲಿಸಿ ಬಿಚ್ಚಿದ ಪ್ರತಿ ಸಲ ಫ್ರೇಮ್ ಹಾಳು. ಆ ಜಾಗಕ್ಕೆ ಕಪ್ಪು ಫಿಲ್ಮ್ ತುಂಬಿ ಉದ್ದ ಸರಿದೂಗಿಸುತ್ತಿದ್ದರು. ಇಟಲಿಯ ಎಡಿಟರ್ ಲಿಯೋ ಕಟೋಟ್ಸೊ ತುದಿಗಳನ್ನು ಟೇಪಿನಿಂದ ಅಂಟಿಸುವ ಸ್ಪ್ಲೈಸರ್ ಕಂಡುಹಿಡಿದ ಮೇಲೆ ಈ ನಷ್ಟ ತಪ್ಪಿತು. ಫ್ರೇಮಿನ ಬೆಲೆ ಕೈಗೇ ಗೊತ್ತಿದ್ದ ತಲೆಮಾರು ಕೋಟ್ಸ್ ಅವರದು.

ಅಲ್ಲಿಂದ ಪೈನ್‌ವುಡ್ ಸ್ಟುಡಿಯೋದಲ್ಲಿ ಸಹಾಯಕಿ, 1952ರ ‘ದಿ ಪಿಕ್‌ವಿಕ್ ಪೇಪರ್ಸ್’ನಲ್ಲಿ ಎಡಿಟರ್, ‘ಲಾರೆನ್ಸ್’ಗೆ ಆಸ್ಕರ್. ‘ಬೆಕೆಟ್’, ‘ದಿ ಎಲಿಫೆಂಟ್ ಮ್ಯಾನ್’ ಸೇರಿ ಇನ್ನೂ ನಾಲ್ಕು ನಾಮನಿರ್ದೇಶನಗಳು. 2016ರಲ್ಲಿ ಗೌರವ ಆಸ್ಕರ್, 2018ರಲ್ಲಿ ನಿಧನ.

‘ಲಾರೆನ್ಸ್’ ಮಾತ್ರ ಅವರನ್ನು ಇನ್ನೊಮ್ಮೆ ಕರೆಯಿತು. ಬಿಡುಗಡೆಯಾದ ಮೇಲೆ ಎರಡು ಸಲ ಕತ್ತರಿಸಲಾಗಿದ್ದ ಚಿತ್ರವನ್ನು ಹಳೆಯ ಚಿತ್ರಗಳ ಪುನರುಜ್ಜೀವಕ ರಾಬರ್ಟ್ ಹ್ಯಾರಿಸ್ ಜೋಡಿಸಿ ನಿಲ್ಲಿಸಿದಾಗ ಸಿಕ್ಕ ಕೆಲವು ತುಣುಕುಗಳಿಗೆ ದನಿಯೇ ಇರಲಿಲ್ಲ. ಲಾರೆನ್ಸ್ ಪಾತ್ರಧಾರಿ ಪೀಟರ್ ಓಟೂಲ್ ಕಾಲು ಶತಮಾನದ ನಂತರ ತಮ್ಮದೇ ತುಟಿಚಲನೆಗೆ ಮತ್ತೆ ಮಾತು ಕೂಡಿಸಿದರು. ಅಷ್ಟರಲ್ಲಿ ತೀರಿಕೊಂಡಿದ್ದ ಸಹನಟ ಜ್ಯಾಕ್ ಹಾಕಿನ್ಸ್‌ಗೆ ನಟ ಚಾರ್ಲ್ಸ್ ಗ್ರೇ ದನಿಯಾದರು. 1989ರ ಆ ಆವೃತ್ತಿಗೆ ಲೀನ್ ಜೊತೆ ಮತ್ತೆ ಕೂತು, ಮರಳಿ ಸಿಕ್ಕ ತುಣುಕುಗಳಿಗೆ ಕತ್ತರಿ ಆಡಿಸಿದವರೂ ಕೋಟ್ಸ್. ಬೆಂಕಿಕಡ್ಡಿಯ ಕಟ್ ಅಲ್ಲಿಯೂ ಹಾಗೆಯೇ ಇದೆ.