ಸುಂಡಿಲಿ ಇಲಿಯಲ್ಲ

ಮಂಗಳೂರು, ಉಡುಪಿ ಕಡೆಯ ಹಂಚಿನ ಮನೆಗಳಲ್ಲಿ ಕತ್ತಲಾದ ಮೇಲೆ ಗೋಡೆಯ ಬುಡ ಹಿಡಿದು ಸರಸರನೆ ಓಡುವ ಪ್ರಾಣಿಯೊಂದಿದೆ. ಉದ್ದ ಮೂತಿ, ಸಾಸಿವೆ ಕಾಳಿನಂಥ ಕಣ್ಣು, ಬೂದು ಮೈ. ಅದೇ ಸುಂಡಿಲಿ. ಸೊಂಡಿಲಿ, ಮೂಗಿಲಿ ಅಂತಲೂ ಕರೆಯುತ್ತಾರೆ. ಯಾವ ಹೆಸರು ಹಿಡಿದರೂ ಕೊನೆಗೆ 'ಇಲಿ' ಬಂದೇ ಬರುತ್ತದೆ. ಅದರ ಕಷ್ಟ ಇರುವುದೂ ಅಲ್ಲೇ.

ಈ ತಪ್ಪು ನಮ್ಮದು ಮಾತ್ರ ಅಲ್ಲ. 1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಇದಕ್ಕೆ ಇಟ್ಟ 'ಮ್ಯೂರಿನಸ್' ಅನ್ನುವ ಲ್ಯಾಟಿನ್ ಹೆಸರಿಗೂ ಇಲಿಯಂಥದ್ದು ಅಂತಲೇ ಅರ್ಥ. ಇಂಗ್ಲಿಷಿನಲ್ಲಿ 'ಮಸ್ಕ್ ರ್‍ಯಾಟ್' ಎಂದೂ ಕರೆದರು. ಆದರೆ ನಿಜವಾದ ಮಸ್ಕ್ ರ್‍ಯಾಟ್ ಉತ್ತರ ಅಮೆರಿಕದ ನೀರಿನ ದಂಡೆಯ ಪ್ರಾಣಿ, ಇಲಿ, ಅಳಿಲುಗಳಂತೆ ಕಡಿಯುವ ದಂಶಕ ಗುಂಪಿನದು; ಸುಂಡಿಲಿ ಆ ಗುಂಪಿನದಲ್ಲ.

ಸುಂಡಿಲಿಯ ನೆಂಟರು ಬೇರೆ: ಹುಳ ತಿನ್ನುವ ಪುಟ್ಟ ಮುಳ್ಳಿಲಿ, ಅಂದರೆ ಇಂಗ್ಲಿಷಿನ ಹೆಡ್ಜ್‌ಹಾಗ್ (ಮುಳ್ಳುಹಂದಿಯಲ್ಲ). ನೋಡಿ, ಅದರ ಹೆಸರಿಗೂ ಇಲಿ ಅಂಟಿಕೊಂಡಿದೆ! ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತದೆ. ಅದಕ್ಕೇ ಅದು ಬಟ್ಟೆ, ವಯರು, ಮರ ಏನನ್ನಾದರೂ ಕಡಿಯುತ್ತಲೇ ಇರಬೇಕು. ಸುಂಡಿಲಿಯ ಹಲ್ಲು ಹಾಗೆ ಬೆಳೆಯುವುದಿಲ್ಲ. ಚೂಪಾದ ಆ ಹಲ್ಲು ಹುಳ ಹಿಡಿದು ಜಗಿಯುವುದಕ್ಕೆ. ಜಿರಳೆ, ಎರೆಹುಳ ಅದರ ಊಟ. ಅಡುಗೆಮನೆಯ ಚೂರುಪಾರನ್ನೂ ಬಿಡುವುದಿಲ್ಲ, ನಿಜ. ಇನ್ನೊಂದು ವಿಚಿತ್ರ ನೋಡಿ: ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಸುಂಡಿಲಿಗೆ ಬರುತ್ತದೆ. ವಾಂತಿ ತಡೆಯುವ ಔಷಧಿಗಳ ಸಂಶೋಧನೆಗೆ ವಿಜ್ಞಾನಿಗಳು ಇದನ್ನು ಬಳಸುವುದು ಅದಕ್ಕೇ.

ಸುಂಡಿಲಿಯ ಮೈಯಿಂದ ಬರುವ ನಾತದ ವಿಷಯಕ್ಕೆ ಬಂದರೆ, ಪಕ್ಕೆಯಲ್ಲಿರುವ ಗ್ರಂಥಿಗಳೇ ಅದಕ್ಕೆ ಕಾರಣ. ಬೆಕ್ಕು ಹಿಡಿದರೂ ಎಷ್ಟೋ ಸಲ ತಿನ್ನದೆ ಬಿಡುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಅದರ ಮರಿಗಳ ಸಾಲು. ಗೂಡು ಬದಲಿಸುವಾಗ ಒಂದು ಮರಿ ತಾಯಿಯ ಬಾಲದ ಬುಡದ ಹತ್ತಿರ ಕಚ್ಚಿ ಹಿಡಿಯುತ್ತದೆ, ಅದನ್ನು ಇನ್ನೊಂದು. ಹಾಗೇ ಸಾಲಾಗಿ ಹೋಗುತ್ತವೆ.

ಇಂಥ ಪ್ರಾಣಿಯನ್ನು ಇಲಿ ಅಂತ ತಿಳಿದು ಪಾಷಾಣ ಇಡುತ್ತೇವೆ, ಗಮ್ ಬೋರ್ಡ್ ಹಾಕುತ್ತೇವೆ. ಗಮ್ ಬೋರ್ಡಿಗೆ ಇಲಿ, ಸುಂಡಿಲಿ ಅನ್ನುವ ಭೇದ ಇಲ್ಲ. ಹಾಗಾಗಿ ಬೋನು ಇಡುವುದೇ ಮೇಲು. ಬಿದ್ದದ್ದು ಸುಂಡಿಲಿಯಾದರೆ ಬೆಳಗಿನವರೆಗೆ ಕಾಯಬೇಡಿ, ಅದು ಹಸಿವು ತಾಳುವ ಜೀವ ಅಲ್ಲ. ಇಲಿಜ್ವರದ ರೋಗಾಣು ಅದರ ಮೈಯಲ್ಲೂ ಇರಬಹುದು, ಆದ್ದರಿಂದ ಕೈಯಲ್ಲಿ ಮುಟ್ಟದೆ ಹಿತ್ತಲ ಕಟ್ಟಿಗೆ ರಾಶಿಯ ಹತ್ತಿರ ಬೋನಿನ ಬಾಗಿಲು ತೆರೆದುಬಿಡಿ.