ಒಗರು ಇಳಿಯಲು ಎಷ್ಟು ಕಾಲ ಬೇಕು? ಮಾದಿರಾನ್ ಕೆಂಪು ವೈನಿನ ಹಳೆಯ ತಕರಾರು

ಫ್ರಾನ್ಸಿನ ನೈರುತ್ಯ ಭಾಗದ ವೈನ್ ಅಂಗಡಿಗಳಲ್ಲಿ 'ಮಾದಿರಾನ್' ಎಂಬ ಚೀಟಿ ಹಚ್ಚಿದ ಎರಡು ಬಾಟಲಿಗಳು ಅಕ್ಕಪಕ್ಕ ಕೂತಿರುತ್ತವೆ. ಒಂದರ ಬಿರಡೆಯನ್ನು ಇವತ್ತೇ ತೆಗೆಯಬಹುದು. ಕರಿಹಣ್ಣಿನ ಘಮ, ನಯವಾದ ಮೈ. ಇನ್ನೊಂದನ್ನು ಇವತ್ತು ತೆಗೆದರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಇನ್ನೂ ಎಂಟು ಹತ್ತು ವರ್ಷ ನೆಲಮಾಳಿಗೆಯ ಕತ್ತಲು ಬೇಕು. ಸೀಮೆ ಒಂದೇ, ದ್ರಾಕ್ಷಿ ಒಂದೇ, ಕಾನೂನು ಕೊಟ್ಟ ಹೆಸರೂ ಒಂದೇ. ನಿಜವಾದ ಮಾದಿರಾನ್ ಯಾವುದು ಎಂಬ ತಕರಾರು ಅಲ್ಲಿ ನಾಲ್ಕು ದಶಕಗಳಿಂದ ನಡೆದಿದೆ. ನಡುವೆ ಯಂತ್ರ ಬಂತು, ಆರೋಗ್ಯದ ಮಾತು ಬಂತು, ಬಿಸಿಲು ಹೆಚ್ಚಿತು. ಈಗ ಯಾರು ಯಾವ ಪಕ್ಷ ಎಂದು ಗುರುತಿಸುವುದೇ ಕಷ್ಟ.

ತಕರಾರಿನ ಬೇರು ಇರುವುದು ಒಂದು ರುಚಿಯಲ್ಲಿ. ಅದನ್ನು ಕನ್ನಡಿಗರಿಗೆ ವಿವರಿಸುವ ಕಷ್ಟವಿಲ್ಲ, ಒಗರು ಎಂದರೆ ಸಾಕು. ಬಾಳೆಕಾಯಿ ಕಚ್ಚಿದವರಿಗೆ, ಗೇರುಹಣ್ಣು ತಿಂದವರಿಗೆ ಗೊತ್ತು. ಮಲೆನಾಡಿನವರಿಗಂತೂ ಇನ್ನೂ ಚೆನ್ನಾಗಿ ಗೊತ್ತು: ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಕೈಗೆ ತಗುಲಿದರೆ ಎಷ್ಟು ತಿಕ್ಕಿದರೂ ಬಿಡದು. ಆ ಚೊಗರಿನಲ್ಲಿರುವುದೂ ಕೆಂಪು ವೈನಿನಲ್ಲಿರುವುದೂ ಒಂದೇ ಕುಲದ ವಸ್ತು, ಟ್ಯಾನಿನ್. ಬಾಯಿಯ ಜೊಲ್ಲಿನಲ್ಲಿ ಜಾರಿಕೆ ಕೊಡುವ ಪ್ರೋಟೀನುಗಳಿವೆ. ಟ್ಯಾನಿನ್ ಅವುಗಳನ್ನು ಹಿಡಿದು ಗಂಟುಕಟ್ಟುತ್ತದೆ, ಬಾಯಿ ಒಣಗಿದಂತಾಗುತ್ತದೆ. ತಂಗಡಿ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದುದೂ ಇದೇ ಗುಣದಿಂದ.

ಮಾದಿರಾನ್‌ನ ಮುಖ್ಯ ದ್ರಾಕ್ಷಿಯ ಹೆಸರು ತನ್ನಾ. ಹೆಸರಿನಲ್ಲೇ ಟ್ಯಾನಿನ್ನಿನ ನಂಟಿದೆ. (ನಮ್ಮ ಕಿವಿಗೆ ಅದು 'ತನ್ನ' ಎಂದು ಕೇಳುವುದು ಆಕಸ್ಮಿಕ, ಆದರೆ ಅಲ್ಲಿನವರು ಅದರ ಬಗ್ಗೆ ಮಾತಾಡುವ ರೀತಿ ನೋಡಿದರೆ ತಪ್ಪೇನಿಲ್ಲ ಎನಿಸುತ್ತದೆ.) ಸಿಪ್ಪೆ ದಪ್ಪ, ಬಣ್ಣ ಕಡುಗಪ್ಪಿಗೆ ಹತ್ತಿರ, ಹುಳಿ ಜೋರು, ಒಗರು ಅದಕ್ಕಿಂತ ಜೋರು. ಊರವರಿಗೆ ಅದು ದೋಷ ಎನಿಸಿದ್ದೇ ಇಲ್ಲ. ಈ ಸೀಮೆ ಸೇರಿರುವ ಗ್ಯಾಸ್ಕನಿ ಪ್ರಾಂತ್ಯದ ಊಟವೆಂದರೆ ಬಾತುಕೋಳಿಯ ಕಾಲನ್ನು ಅದರದೇ ಕೊಬ್ಬಿನಲ್ಲಿ ನಿಧಾನ ಬೇಯಿಸಿಟ್ಟ ಕೊಂಫಿ, ಮಾಂಸ ಹಾಕಿ ಕುದಿಸಿದ ಬಿಳಿಕಾಳಿನ ಕಸುಲೆ. ಟ್ಯಾನಿನ್ ಮಾಂಸದ ಪ್ರೋಟೀನನ್ನು ಹಿಡಿಯುತ್ತದೆ, ಬಾಯಿಗೆ ಕಟ್ಟಿದ ಜಿಡ್ಡನ್ನು ತೊಳೆಯುತ್ತದೆ. ವೈನನ್ನು ಊಟದಿಂದ ಬೇರ್ಪಡಿಸಿ, ಬರೀ ಲೋಟದಲ್ಲಿ ಮೂಗಿಟ್ಟು ಅಂಕ ಕೊಡುವ ಕಾಲ ಬಂದಾಗ ಮಾತ್ರ ಒಗರು ದೋಷವಾಯಿತು.

ಹಳೆಯ ಕಥೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. 11ನೇ ಶತಮಾನದಲ್ಲಿ ಬೆನೆಡಿಕ್ಟೀನ್ ಸನ್ಯಾಸಿಗಳು ಇಲ್ಲಿ ಮಠ ಕಟ್ಟಿದರು, ಸ್ಪೇನಿನ ಸಾಂತಿಯಾಗೊಗೆ ನಡೆದು ಹೋಗುವ ಯಾತ್ರಿಕರು ವೈನ್ ಕುಡಿದು ಹೆಸರು ಹರಡಿದರು, ಪೀಪಾಯಿಗಳು ಅಡೂರ್ ನದಿಯಲ್ಲಿ ತೇಲಿ ಬಯೋನ್ ಬಂದರಿನಿಂದ ಉತ್ತರ ಯುರೋಪಿಗೆ ಹೋದವು, 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಹುಳ ಬಳ್ಳಿಯ ಬೇರನ್ನು ತಿಂದಿತು, ಎರಡು ಮಹಾಯುದ್ಧಗಳು ದುಡಿಯುವ ಕೈಗಳನ್ನು ತಿಂದವು. ಒಂಬೈನೂರು ವರ್ಷ ಅಲ್ಲಿಗೆ ಮುಗಿಯಿತು. ಈ ನಡುವೆ 1870ರ ದಶಕದಲ್ಲಿ ಪಾಸ್ಕ್ವಾಲ್ ಅರ್ರಿಯಾಗ್ ಎಂಬ ಬಾಸ್ಕ್ ವಲಸಿಗ ತನ್ನಾವನ್ನು ಉರುಗ್ವೆಯ ಸಾಲ್ಟೊದಲ್ಲಿ ನೆಟ್ಟ. ಇಂದು ಅದು ಆ ದೇಶದ ಹೆಮ್ಮೆಯ ದ್ರಾಕ್ಷಿ. ತವರಿನ ಈ ಸೀಮೆಯಲ್ಲಿರುವುದಕ್ಕಿಂತ ಹೆಚ್ಚು ತನ್ನಾ ಅಲ್ಲಿದೆ.

1948ರಲ್ಲಿ ಮಾದಿರಾನ್‌ಗೆ ಎಓಸಿ ಸಿಕ್ಕಿತು. ನಮ್ಮ ನಂಜನಗೂಡು ರಸಬಾಳೆಯ ಜಿಐ ಟ್ಯಾಗಿನ ಅಣ್ಣ ಎನ್ನಿ. ಆದರೆ ಈ ಅಣ್ಣ ಬಲು ಕಟ್ಟುನಿಟ್ಟು. ಊರಿನ ಗಡಿ ಮಾತ್ರವಲ್ಲ, ಯಾವ ತಳಿ, ಎಷ್ಟು ಇಳುವರಿ ಎಂಬುದನ್ನೂ ಹೇಳುತ್ತದೆ. ಇಲ್ಲಿ ತನ್ನಾ ಶೇ 40ರಿಂದ 60, ಉಳಿದದ್ದು ಕ್ಯಾಬರ್ನೆ ತಳಿಗಳು ಮತ್ತು ಊರಲ್ಲಿ ಪಿನಾಂಕ್ ಎಂದು ಕರೆಯುವ ಫೆರ್ ತಳಿ ಎಂಬ ಲೆಕ್ಕ ಬಹುಕಾಲ ನಡೆಯಿತು. ಅಂದರೆ ನಿಯಮ ಬರೆದವರಿಗೂ ಗೊತ್ತಿತ್ತು: ತನ್ನಾ ಒಂದನ್ನೇ ಬಿಟ್ಟರೆ ಕುಡಿಯುವವನಿಗೆ ಕಷ್ಟ, ಪಕ್ಕದಲ್ಲಿ ಮೆತ್ತಗಿನವರು ಇರಲಿ. ಆಗ ಒಗರು ಇಳಿಸಲು ಇದ್ದ ಮುಖ್ಯ ದಾರಿಗಳು ಎರಡು, ಬೆರಕೆ ಮತ್ತು ಕಾಲ.

ಕಾಲಕ್ಕೆ ಬೆಲೆ ಇದೆ ಎಂಬುದು ಇಲ್ಲಿಂದ ಮುಂದಿನ ಕಥೆ. ಈ ಸೀಮೆಯ ವೈನರಿಗಳಲ್ಲಿ ಹೆಚ್ಚಿನವು ಮನೆತನದವು. ಅಪ್ಪ ಕೊಯ್ದ ಬೆಳೆಯನ್ನು ಮಗ ಮಾರುವ ವ್ಯವಹಾರ. ಐದಾರು ವರ್ಷದ ಸರಕು ನೆಲಮಾಳಿಗೆಯಲ್ಲಿ ಕೂತಿದ್ದರೆ ಹಣವೂ ಅಲ್ಲೇ ಕೂತಿರುತ್ತದೆ. ಅಪ್ಪ ತೀರಿಕೊಂಡರೆ ಆಸ್ತಿಯಲ್ಲಿ ಎಲ್ಲ ಮಕ್ಕಳಿಗೂ ಪಾಲು. ಪೀಪಾಯಿಯಲ್ಲಿರುವ ವೈನೂ ಆಸ್ತಿಯೇ. ಹೀಗಾಗಿ ಅನೇಕರು ವೈನನ್ನು ಸಗಟಾಗಿ ವ್ಯಾಪಾರಿಗಳಿಗೋ ಸಹಕಾರ ಸಂಘಕ್ಕೋ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಸ್ವಂತ ಹೆಸರಲ್ಲಿ ಬಾಟಲಿ ತುಂಬಿಸುವ ಧೈರ್ಯ ಮಾಡಿದ ಮೊದಲಿಗರಲ್ಲಿ ಶಾತೊ ದೈದಿ ಎಂಬ ತೋಟದ ಲಾಪ್ಲಾಸ್ ಮನೆತನವೂ ಒಂದು.

1980ರಲ್ಲಿ ಅಲಾಂ ಬ್ರುಮೋ ಶಾತೊ ಮೊಂತ್ಯುಸ್ ಎಂಬ ಪಾಳುಬಿದ್ದ ತೋಟವನ್ನು ಕೊಂಡರು. ಅವರ ತಂದೆಗೂ ಶಾತೊ ಬುಸ್ಕಾಸೆ ಎಂಬ ತೋಟವಿತ್ತು. ಮಗನಿಗೆ ಬೇರೆ ದಾರಿ ಬೇಕಿತ್ತು. ದುಂಡುಕಲ್ಲಿನ ದಿಬ್ಬ, ಕಡಿಮೆ ಇಳುವರಿ, ಹಳೆಯ ದೊಡ್ಡ ಪೀಪಾಯಿಗಳ ಬದಲು ಫ್ರಾನ್ಸಿನ ಹೆಸರಾಂತ ವೈನ್ ಸೀಮೆ ಬೋರ್ಡೋದವರಂತೆ ಹೊಸ ಓಕ್ ಮರದ ಸಣ್ಣ ಪೀಪಾಯಿ. 1985ರ ಬೆಳೆಯ 'ಪ್ರೆಸ್ತೀಜ್' ಎಂಬ ಅವರ ವೈನ್ ಪೂರ್ತಿ ತನ್ನಾ. ನಿಯಮ ಯಾವುದನ್ನು ಮೆತ್ತಗೆ ಮಾಡಬೇಕು ಎಂದಿತ್ತೋ ಅದನ್ನೇ ಒಂಟಿಯಾಗಿ ವೇದಿಕೆಗೆ ತಂದಂತಾಯಿತು. ಪ್ಯಾರಿಸ್ ತಿರುಗಿ ನೋಡಿತು. ಊರಲ್ಲಿ ಬಾಟಲಿಯ ಬೆಲೆ ಏರಿತು, ಹಿಂದೆಯೇ ಹೊಸ ಓಕ್‌ನ ಖರ್ಚೂ ಬಂತು.

ಇನ್ನೊಂದು ದಾರಿ ತೆರೆದದ್ದು ಷಾಪೆಲ್ ಲಾಂಕ್ಲೊ ಎಂಬ ತೋಟದ ಪಾತ್ರಿಕ್ ಡ್ಯುಕೂರ್ನೊ, 1990ರ ದಶಕದ ಆರಂಭದಲ್ಲಿ. ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಸುರಿಯುವಾಗ ಗಾಳಿ ತಾಗಿ ಒಗರು ಸ್ವಲ್ಪ ಇಳಿಯುತ್ತದೆ. ಆದರೆ ಆಗ ಗಾಳಿ ಒಮ್ಮೆಲೇ, ಲೆಕ್ಕವಿಲ್ಲದೆ ನುಗ್ಗುತ್ತದೆ. ಅದನ್ನೇ ಅಳೆದು, ಹನಿಹನಿಯಾಗಿ ಕೊಟ್ಟರೆ? ಟ್ಯಾಂಕಿನ ತಳದಲ್ಲಿ ಸಣ್ಣ ರಂಧ್ರಗಳ ಪಿಂಗಾಣಿ ಬಿಲ್ಲೆ. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಆಮ್ಲಜನಕದ ಗುಳ್ಳೆಗಳು. ವೈನ್ ಬಲಿಯುವ ಹಂತದಲ್ಲಿ ಲೀಟರಿಗೆ ತಿಂಗಳಿಗೆ ಕೆಲವೇ ಮಿಲಿಲೀಟರ್. ಆಮ್ಲಜನಕದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಟ್ಯಾನಿನ್‌ಗಳನ್ನೂ ಬಣ್ಣದ ಕಣಗಳನ್ನೂ ಒಂದಕ್ಕೊಂದು ಬೆಸೆಯುತ್ತದೆ. ಬಣ್ಣ ನಿಲ್ಲುತ್ತದೆ, ಬಾಯಿಗೆ ಒರಟು ಕಡಿಮೆ. ಪ್ರಮಾಣ ತಪ್ಪಿದರೆ ವೈನ್ ಸಪ್ಪೆಯಾಗಿ ಸೋತುಹೋಗುತ್ತದೆ, ಹಾಗಾಗಿ ದಿನವೂ ರುಚಿ ನೋಡುವ ನಾಲಿಗೆ ಬೇಕೇ ಬೇಕು. 1996ರಲ್ಲಿ ಯುರೋಪಿನ ಅನುಮತಿ ಸಿಕ್ಕಿತು. ಮೊಂಡು ತನ್ನಾವನ್ನು ಒಲಿಸಲು ಹುಟ್ಟಿದ ಉಪಾಯ ಬೋರ್ಡೋಗೂ, ಸಾಗರದಾಚೆಗೂ ಹೋಯಿತು.

ಇದನ್ನು ಮೋಸ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಮಾತು ಪೂರ್ತಿ ನ್ಯಾಯವಲ್ಲ. ಸಾಲ ತೀರಿಸಬೇಕಾದ ಸಣ್ಣ ಮನೆತನಕ್ಕೆ ಐದು ವರ್ಷದ ಕಾಯುವಿಕೆ ಎರಡಕ್ಕೆ ಇಳಿದದ್ದು ಉಸಿರು ಬಂದಂತೆ. ಆದರೆ ಇನ್ನೊಂದು ಮಾತೂ ಇದೆ. 1990ರ ದಶಕದಿಂದ ಮಾಗಿದ ಹಣ್ಣು, ಮೃದು ಒಗರು, ಓಕ್‌ನ ಸಿಹಿ ವಾಸನೆ ಎಂಬ ಒಂದೇ ರುಚಿ ಜಗತ್ತಿನ ತುಂಬ ಹರಡುತ್ತಿತ್ತು. ಆ ಮೃದು ಶೈಲಿಯ ಜೊತೆ ಹೆಸರು ಬೆಸೆದುಕೊಂಡಿದ್ದ ಬೋರ್ಡೋದ ಸಲಹೆಗಾರ ಮಿಶೆಲ್ ರೋಲಾಂ ಆಗ ನಮ್ಮ ನಂದಿಬೆಟ್ಟದ ತಪ್ಪಲಿನ ಗ್ರೋವರ್ ವೈನರಿಗೂ ಸಲಹೆ ಕೊಡುತ್ತಿದ್ದರು. ರುಚಿಯ ಗಾಳಿ ಎಷ್ಟು ದೂರ ಬೀಸಿತ್ತು ನೋಡಿ. ಹೊಸತಾಗಿ ಶುರು ಮಾಡಿದ ಊರಿಗೆ ಅದರಿಂದ ನಷ್ಟವಿಲ್ಲ. ಒಗರನ್ನೇ ಗುರುತಾಗಿ ಹೊತ್ತ ಊರು ಅದನ್ನು ಇಳಿಸಿಕೊಂಡ ಮೇಲೆ, ಬೋರ್ಡೋ ಬಿಟ್ಟು ಇದನ್ನೇ ಏಕೆ ಕೊಳ್ಳಬೇಕು ಎಂದು ಗಿರಾಕಿ ಕೇಳಿದರೆ ಉತ್ತರ ಹುಡುಕಬೇಕಾಗುತ್ತದೆ.

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. 2006ರಲ್ಲಿ ಲಂಡನ್ನಿನ ವಿಜ್ಞಾನಿ ರೋಜರ್ ಕಾರ್ಡರ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ರಕ್ತನಾಳಗಳ ಮೇಲೆ ಪ್ರಭಾವ ಬೀರುವ ಪ್ರೊಸಯಾನಿಡಿನ್ ಎಂಬ ಟ್ಯಾನಿನ್ ಫ್ರಾನ್ಸಿನ ನೈರುತ್ಯದ ಮತ್ತು ಇಟಲಿಯ ಸಾರ್ಡಿನಿಯಾ ದ್ವೀಪದ ವೈನುಗಳಲ್ಲಿ ಹೆಚ್ಚು, ಆ ಸೀಮೆಗಳಲ್ಲಿ ಹೆಚ್ಚು ಕಾಲ ಬದುಕುವವರೂ ಹೆಚ್ಚು ಎಂಬುದು ಸಾರ. ತನ್ನಾದ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ನಿನ್ನೆಯವರೆಗೆ ಇಳಿಸಬೇಕಾಗಿದ್ದ ಒಗರು ಬೆಳಗಾಗುವುದರೊಳಗೆ ಔಷಧಿಯಾಯಿತು! ಒಂದು ಸೀಮೆಯ ಜನ ಗಟ್ಟಿಯಾಗಿರಲು ವೈನೇ ಕಾರಣವೋ, ಹೊಲದ ದುಡಿಮೆಯೋ, ಊಟವೋ ಎಂದು ಬಿಡಿಸಿ ನೋಡುವ ತಾಳ್ಮೆ ಜಾಹೀರಾತಿಗೆ ಇರುವುದಿಲ್ಲ. ಮದ್ಯ ಎಷ್ಟೇ ಕಡಿಮೆಯಾದರೂ ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆ ಬಾಗಿಲೂ ಮುಚ್ಚಿದಂತೆಯೇ.

ಈಚಿನ ವರ್ಷಗಳಲ್ಲಿ ಲೆಕ್ಕ ಮತ್ತೆ ಬದಲಾಗಿದೆ. ಬಿಸಿಲು ಹೆಚ್ಚಿದಂತೆ ತನ್ನಾ ಬಳ್ಳಿಯಲ್ಲೇ ಚೆನ್ನಾಗಿ ಮಾಗುತ್ತದೆ. ಸಿಪ್ಪೆಯ ಒಗರು ಕೊಯ್ಲಿನ ಹೊತ್ತಿಗೇ ಮೆತ್ತಗಾಗಿರುತ್ತದೆ. ಸಕ್ಕರೆ ಏರಿ ಮದ್ಯಾಂಶವೂ ಏರುತ್ತದೆ, ಆದರೆ ಹುಟ್ಟಿನಿಂದ ಬಂದ ಹುಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಿಂದೆ ಜೋರು ಎನಿಸಿದ್ದ ಹುಳಿಯೇ ಈಗ ಆಸರೆ. ಇತ್ತ ಕುಡಿಯುವವರೇ ಕಡಿಮೆಯಾಗಿದ್ದಾರೆ. 1960ರ ಸುಮಾರಿಗೆ ಸರಾಸರಿ ಫ್ರೆಂಚ್ ಪ್ರಜೆ ವರ್ಷಕ್ಕೆ 120 ಲೀಟರಿಗೂ ಹೆಚ್ಚು ವೈನ್ ಕುಡಿಯುತ್ತಿದ್ದ. ಈಗ 50ನ್ನೂ ಮುಟ್ಟುವುದಿಲ್ಲ. ಅದರಲ್ಲೂ ಪೆಟ್ಟು ಬಿದ್ದಿರುವುದು ಕೆಂಪಿಗೆ. ದಿನನಿತ್ಯದ ಊಟದ ಮೇಜಿನಿಂದ ವೈನ್ ಎದ್ದುಹೋದ ಮೇಲೆ, ಕೊಂಫಿಯ ಜೊತೆಗೆಂದೇ ಬೆಳೆದ ಒಗರಿಗೆ ಮೇಜೇ ಇಲ್ಲದಂತಾಗಿದೆ.

ಲಾಪ್ಲಾಸ್ ಮನೆತನದ ಪಟ್ಟಿಯನ್ನು ನೋಡಿದರೆ ಈ ಇಡೀ ತಕರಾರು ಒಂದೇ ಸೂರಿನಡಿ ಕಾಣುತ್ತದೆ. ಬೇಗ ಕುಡಿಯಬಹುದಾದ 'ಓದೆ ದೈದಿ' ಅವರದೇ, ವರ್ಷಗಟ್ಟಲೆ ಕಾಯಬೇಕಾದ 'ಶಾತೊ ದೈದಿ'ಯೂ ಅವರದೇ. ಜೊತೆಗೆ 'ಮೈದಿ' ಎಂಬ ಮೂರನೆಯದೊಂದಿದೆ: ತನ್ನಾ ಹುದುಗುತ್ತಿರುವಾಗಲೇ ಸ್ಪಿರಿಟ್ ಹಾಕಿ ತಡೆದು, ಹಣ್ಣಿನ ಸಕ್ಕರೆಯನ್ನು ಉಳಿಸಿಕೊಂಡ ಸಿಹಿ ವೈನ್. ಊಟದ ಕೊನೆಗೆ ಕಪ್ಪು ಚಾಕೊಲೇಟಿನ ಜೊತೆ ಹಂಚುತ್ತಾರೆ. ಮೊದಲ ಗುಟುಕಿಗೆ ಬರೀ ಸಿಹಿ. ಲೋಟ ಕೆಳಗಿಟ್ಟ ಮೇಲೆ, ನಾಲಿಗೆಯ ಅಂಚಿನಲ್ಲಿ, ಹಳೆಯ ಒಗರು ಮೆಲ್ಲಗೆ ಹತ್ತುತ್ತದೆ.