ಕಾಡುಪ್ರಾಣಿಗೆ ಕಾಯಿಲೆ ಬಂದ್ರೆ ಗೊತ್ತಾಗೋದು ಹೇಗೆ, ಗೊತ್ತಾದ್ಮೇಲೆ ಮಾಡೋದೇನು

ಕಾಡಲ್ಲಿ ಕಾಯಿಲೆ ಬಿದ್ದ ಪ್ರಾಣಿ ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಮೈ ಹುಷಾರಿಲ್ಲ ಅಂದ್ರೆ ಪೊದೆನೋ ಬಿಲನೋ ಹುಡ್ಕೊಂಡು ಅಡಗಿ ಕೂರತ್ತೆ, ಸತ್ರೆ ಹದ್ದು, ನರಿ, ಹುಳ ಎಲ್ಲಾ ಸೇರಿ ಕೆಲವೇ ದಿನದಲ್ಲಿ ಖಾಲಿ ಮಾಡ್ತವೆ, ಉಳಿದಿದ್ದು ಸಿಕ್ಕಿದ್ರೂ ಅಷ್ಟರಲ್ಲಿ ಕೊಳೆತಿರತ್ತೆ, ಲ್ಯಾಬಲ್ಲಿ ಏನೂ ಗೊತ್ತಾಗಲ್ಲ. ಹಾಗಾಗಿ ಹತ್ತು ಹೆಣ ಕಂಡ್ವು ಅಂದ್ರೆ ಸತ್ತಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಅಂತಾನೇ ಲೆಕ್ಕ. ಕಾಡುಪ್ರಾಣಿಗಳ ಕಾಯಿಲೆ ಮೇಲೆ ಕಣ್ಣಿಡೋರು ಸಾವು ಕಾಣೋವರೆಗೆ ಕಾಯಲ್ಲ, ಹಿಕ್ಕೆ, ಕೂದ್ಲು ಹೆಕ್ತಾರೆ, ಕ್ಯಾಮೆರಾ ಟ್ರ್ಯಾಪ್ ಫೋಟೋದಲ್ಲಿ ಕಜ್ಜಿ ಹತ್ತಿ ಕೂದ್ಲು ಉದುರಿದೆಯಾ ನೋಡ್ತಾರೆ, ತಿಮಿಂಗಿಲ ಉಸಿರು ಬಿಟ್ಟಾಗ ಮೇಲೆ ಡ್ರೋನ್ ಹಾರಿಸಿ ಆ ತುಂತುರನ್ನೂ ಹಿಡೀತಾರೆ. ರೇಡಿಯೋ ಕಾಲರ್ ಹಾಕೋಕೆ ಅಂತ ಪ್ರಾಣಿ ಹಿಡಿದಾಗ ಒಂದಿಷ್ಟು ರಕ್ತ ತೆಗೆದಿಟ್ಕೊಳ್ಳೋದೂ ಇದೆ. ಆದ್ರೆ ರಕ್ತದಲ್ಲಿ ಆಂಟಿಬಾಡಿ, ಅಂದ್ರೆ ರೋಗಾಣು ಎದುರಿಸೋಕೆ ಮೈ ತಯಾರಿಸ್ಕೊಳ್ಳೋ ಪ್ರೋಟೀನ್, ಸಿಕ್ತು ಅಂದ ಮಾತ್ರಕ್ಕೆ ಅದಕ್ಕೆ ಈಗ ಕಾಯಿಲೆ ಇದೆ ಅಂತಲ್ಲ, ಯಾವಾಗ್ಲೋ ತಗುಲಿ ಬದುಕಿದೆ ಅಂತ ಅಷ್ಟೆ. ಅದರಿಂದ ಸತ್ತಿದ್ದು ಎಷ್ಟು ಅನ್ನೋದು ಆ ರಕ್ತದಲ್ಲಿ ಬರೆದಿರಲ್ಲ.

ಎಲ್ಲಾ ಚೆನ್ನಾಗಿದ್ದಾಗಲೂ ನೋಡ್ತಾನೇ ಇರ್ಬೇಕು ಅನ್ನೋದಕ್ಕೆ 2015ರ ಕಝಾಕಿಸ್ತಾನ ಸಾಕು. ಅಲ್ಲಿನ ಬಯಲಲ್ಲಿ ಸೈಗಾ ಅನ್ನೋ ಹುಲ್ಲೆಗಳು ಮರಿ ಹಾಕೋಕೆ ಅಂತ ಗುಂಪು ಸೇರಿದ್ವು, ಕೆಲವೇ ವಾರದಲ್ಲಿ 2 ಲಕ್ಷಕ್ಕಿಂತ ಹೆಚ್ಚು ಸತ್ವು, ರೋಗ ಹೊಕ್ಕ ಹಿಂಡುಗಳಲ್ಲಿ ಹೆಚ್ಚುಕಮ್ಮಿ ಒಂದೂ ಉಳೀಲಿಲ್ಲ. ಮರಿ ಹಾಕೋದನ್ನ ಸ್ಟಡಿ ಮಾಡೋಕೆ ಬಂದ ವಿಜ್ಞಾನಿಗಳು ಅಲ್ಲೇ ಇದ್ರು, ಹಾಗಾಗಿ ಶುರುವಿನಿಂದ್ಲೇ ತಾಜಾ ಸ್ಯಾಂಪಲ್ ಸಿಕ್ತು. ಕಾರಣ ಪಾಸ್ಟುರೆಲ್ಲ ಅನ್ನೋ ಬ್ಯಾಕ್ಟೀರಿಯಾ, ಹೊರಗಿಂದ ಬಂದಿದ್ದಲ್ಲ, ಆರೋಗ್ಯವಾಗಿರೋ ಸೈಗಾದ ಗಂಟಲಲ್ಲೂ ಅದು ಸುಮ್ನೆ ಇರತ್ತೆ, ಆ ಸಲ ಮಾಮೂಲಿಗಿಂತ ತುಂಬಾ ಹೆಚ್ಚು ಸೆಕೆ ತೇವ ಒಟ್ಟಿಗೆ ಬಂದಾಗ ಅದು ರಕ್ತಕ್ಕೆ ನುಗ್ಗಿತ್ತು. ಯಾರೂ ಅಲ್ಲಿರದೆ ತಿಂಗಳು ಬಿಟ್ಟು ಹೋಗಿದ್ರೆ ಸಿಗ್ತಿದ್ದಿದ್ದು ಬರೀ ಮೂಳೆ.

ಇನ್ನು ಗೊತ್ತಾದ್ಮೇಲೆ ಮಾಡೋದೇನು? ಎಲ್ಲರಿಗೂ ಮೊದಲು ಹೊಳೆಯೋದು ಕೊಲ್ಲೋದು. ನನಗೆ ಇದು ಬೇಸರದ ವಿಷಯ, ಯಾಕಂದ್ರೆ ಎಷ್ಟೋ ಸಲ ಇದ್ರಿಂದ ಕೆಲಸಾನೂ ಆಗಲ್ಲ. ಬ್ರಿಟನ್ನಲ್ಲಿ ದನಗಳ ಟಿಬಿ ತಡೆಯೋಕೆ ಅಂತ 1998ರಿಂದ ದೊಡ್ಡ ಪ್ರಯೋಗ ನಡೆಸಿ, ದನಗಳಿಗೆ ಟಿಬಿ ದಾಟಿಸೋ ಬ್ಯಾಜರ್ ಅನ್ನೋ ಬಿಲದಲ್ಲಿರೋ ಪ್ರಾಣಿಗಳನ್ನ ಕೊಂದ್ರು. ಕೊಂದ ಜಾಗದೊಳಗೆ ಟಿಬಿ ಸ್ವಲ್ಪ ಇಳೀತು, ಅದರ ಸುತ್ತಮುತ್ತ ಏರ್ತು. ಉಳಿದ ಬ್ಯಾಜರ್‌ಗಳ ಗುಂಪು ಒಡೆದು ಅವು ದಿಕ್ಕಾಪಾಲಾಗಿ ಅಲೆಯೋಕೆ ಶುರು ಮಾಡಿದ್ವು, ರೋಗಾನೂ ಜೊತೆಗೇ ಹೋಯ್ತು.

ಯುರೋಪಿನ ಕೆಂಪು ನರಿಗಳಲ್ಲಿ ರೇಬಿಸ್ ಹಬ್ತಿದ್ದಾಗಲೂ ಇದೇ ಕತೆ. ಗುಂಡು ಹೊಡೆದ್ರು, ವಿಷ ಇಟ್ರು, ಬಿಲಕ್ಕೆ ಗ್ಯಾಸ್ ಬಿಟ್ರು, ಆದ್ರೆ ಒಂದು ನರಿ ಸತ್ತ ಜಾಗಕ್ಕೆ ಪಕ್ಕದಿಂದ ಇನ್ನೊಂದು ಬಂದು ಸೇರ್ಕೊಳ್ತಿತ್ತು. 1978ರಲ್ಲಿ ಸ್ವಿಟ್ಜರ್ಲೆಂಡಿನ ರೋನ್ ಕಣಿವೆಯಲ್ಲಿ ಬೇರೆ ದಾರಿ ಹಿಡಿದ್ರು. ಕೋಳಿ ತಲೆ ತಗೊಂಡು ಚರ್ಮದಡಿ ವ್ಯಾಕ್ಸಿನ್ ತುಂಬಿದ ಪುಟ್ಟ ಪ್ಯಾಕೆಟ್ ಸೇರಿಸಿ, ರೋಗ ಮುಂದಕ್ಕೆ ಬರೋ ದಾರಿಗೆ ಅಡ್ಡಲಾಗಿ ಹರಡಿದ್ರು. ನರಿ ಅಗಿದಾಗ ಪ್ಯಾಕೆಟ್ ಒಡೆದು ವ್ಯಾಕ್ಸಿನ್ ಬಾಯಿ ಗಂಟಲಿನ ಒಳಪೊರೆಗೆ ತಾಗ್ಬೇಕು, ಅಗಿಯದೆ ಗುಳುಂ ಅಂತ ನುಂಗಿಬಿಟ್ರೆ ಹೊಟ್ಟೆ ಆಸಿಡ್‌ಗೆ ಸಿಕ್ಕಿ ವೇಸ್ಟ್. ತಿಂದಿದ್ದು ನರಿನೋ ಬೇರೆ ಯಾವ್ದೋ ಅಂತ ಹೇಗೆ ಗೊತ್ತಾಗತ್ತೆ? ಅದಕ್ಕೂ ಉಪಾಯ ಇದೆ, ಇಂಥ ಮೇವಿನ ಜೊತೆ ಟೆಟ್ರಾಸೈಕ್ಲಿನ್ ಸೇರಿಸ್ತಾರೆ, ಅದು ಹಲ್ಲು ಮೂಳೆಗೆ ಹೋಗಿ ಕೂರತ್ತೆ, ಆಮೇಲೆ ಸತ್ತ ನರಿಯ ಹಲ್ಲನ್ನ ತೆಳ್ಳಗೆ ಸೀಳಿ ಯುವಿ ಬೆಳಕಲ್ಲಿ ನೋಡಿದ್ರೆ ಹಳದಿಯಾಗಿ ಹೊಳೆಯತ್ತೆ. ಕಣಿವೆಯಲ್ಲಿ ರೋಗ ನಿಂತೋಯ್ತು, ಮುಂದೆ ಕೋಳಿ ತಲೆ ಬದಲು ಫ್ಯಾಕ್ಟರಿ ಮೇವು ಬಂತು, ವಿಮಾನ ಹೆಲಿಕಾಪ್ಟರಿಂದ ಉದುರಿಸಿದ್ರು, 1999ರಲ್ಲಿ ಸ್ವಿಟ್ಜರ್ಲೆಂಡ್ ರೇಬಿಸ್‌ಮುಕ್ತ ಅಂತ ಘೋಷಣೆ ಆಯ್ತು.

ಕೊಲ್ಲೋದು ಯಾವಾಗ್ಲೂ ತಪ್ಪು ಅಂತಾನೂ ಹೇಳ್ತಿಲ್ಲ. ಆಫ್ರಿಕನ್ ಹಂದಿ ಜ್ವರಕ್ಕೆ ಕಾಡುಹಂದಿಗಳಿಗೆ ಕೊಡೋಂಥ ಲಸಿಕೆ ಇರಲಿಲ್ಲ. 2017ರಲ್ಲಿ ಅದು ಚೆಕ್ ದೇಶದ ಝ್ಲಿನ್ ಸುತ್ತ ಕಾಣಿಸ್ಕೊಂಡಾಗ ಮೊದಲು ಮಾಡಿದ್ದು ರೋಗದ ಜಾಗದಲ್ಲಿ ಬೇಟೆ ನಿಲ್ಲಿಸಿದ್ದು, ಬೆದರಿಸಿದ್ರೆ ಹಂದಿಗಳು ಓಡಿ ರೋಗ ಹರಡ್ತವೆ ಅಂತ. ಬೇಲಿ ಹಾಕಿದ್ರು, ಹೊಲದ ಪೈರು ಕೊಯ್ಯದೆ ಬಿಟ್ರು, ತಿನ್ನೋಕೆ ಸಿಕ್ರೆ ಅವು ಅಲ್ಲೇ ಇರ್ತವೆ, ಸತ್ತ ಹಂದಿಗಳನ್ನ ಹುಡುಕಿ ಹುಡುಕಿ ತೆಗೆದ್ರು, ಗುಂಡು ಬಂದಿದ್ದು ಅದಾದ್ಮೇಲೆ. 2019ರ ಹೊತ್ತಿಗೆ ದೇಶ ರೋಗಮುಕ್ತ ಆಯ್ತು, 2022ರಲ್ಲಿ ಗಡಿ ಕಡೆ ಮತ್ತೆ ಬಂತು ಅನ್ನೋದೂ ನಿಜ.

ಕೆಲವು ಸಲ ಕಾಡುಪ್ರಾಣಿನ ಮುಟ್ಟೋದೇ ಬೇಕಾಗಿಲ್ಲ. ಆಫ್ರಿಕಾದ ಸೆರೆಂಗೆಟಿ ಬಯಲಲ್ಲಿ ದನಗಳಿಂದ ಕಾಡುಪ್ರಾಣಿಗಳಿಗೂ ಹರಡ್ತಿದ್ದ ರಿಂಡರ್‌ಪೆಸ್ಟ್ ಅನ್ನೋ ರೋಗಕ್ಕೆ ದನಗಳಿಗೆ ಲಸಿಕೆ ಹಾಕಿದ್ರು, ವೈಲ್ಡ್‌ಬೀಸ್ಟ್ ಅನ್ನೋ ದೊಡ್ಡ ಹುಲ್ಲೆಗಳಿಗೆ ಒಂದು ಸೂಜಿನೂ ಚುಚ್ಚಲಿಲ್ಲ, 1960ರ ದಶಕದ ಶುರುವಲ್ಲಿ ಸುಮಾರು 2.5 ಲಕ್ಷ ಇದ್ದ ಅವು 1970ರ ದಶಕದ ಕೊನೆಗೆ 13 ಲಕ್ಷ ಆದ್ವು.

ಇಥಿಯೋಪಿಯನ್ ತೋಳಗಳ ಕತೆ ಮಾತ್ರ ಇನ್ನೂ ಮುಗಿದಿಲ್ಲ. ಜಗತ್ತಲ್ಲಿ ಉಳಿದಿರೋದೇ ಸುಮಾರು 500, ದನ ಕಾಯೋರ ನಾಯಿಗಳಿಂದ ರೇಬಿಸ್ ಬರತ್ತೆ, ಬೆಟ್ಟದ ಮೇಲಿನ ನಾಯಿಗಳಿಗೆಲ್ಲ ಲಸಿಕೆ ಹಾಕಿ ಮುಗಿಸೋದು ಆಗದ ಕೆಲಸ. ಹಾಗಾಗಿ 2003ರಲ್ಲಿ ಬಾಲೆ ಬೆಟ್ಟಗಳಲ್ಲಿ ರೋಗ ಎದ್ದಾಗ ಎಲ್ಲಾ ತೋಳ ಹಿಡಿಯೋ ಬದಲು ಒಂದು ಗುಂಪಿಂದ ಇನ್ನೊಂದಕ್ಕೆ ದಾರಿ ಇರೋ ಕಣಿವೆಗಳ ತೋಳಗಳನ್ನ ಹಿಡಿದು ಲಸಿಕೆ ಚುಚ್ಚಿದ್ರು, ಅಷ್ಟಕ್ಕೇ ರೋಗ ಪಕ್ಕದ ಗುಂಪುಗಳಿಗೆ ದಾಟಲಿಲ್ಲ. ಈಗ ಆಡಿನ ಮಾಂಸದೊಳಗೆ ವ್ಯಾಕ್ಸಿನ್ ಇಟ್ಟು, ರೋಗ ಬರೋದಕ್ಕೆ ಮುಂಚೆನೇ ತೋಳಗಳಿಗೆ ತಿನ್ನಿಸ್ತಿದ್ದಾರೆ.